ಸಾಸ್ಸು ಬರೆದ ಮನುಷ್ಯರು ಯಾಕೆ ಹಂಗಿದಾರೆ

ಇಟಲಿಯ ಅಲೀಜಿ ಸಾಸ್ಸು ಪೇಂಟಿಂಗೂ ಮಾಡ್ತಿದ್ದ, ಸೆರಾಮಿಕ್ಕೂ ಮಾಡ್ತಿದ್ದ, ಆದ್ರೆ ಅವನ ಡ್ರಾಯಿಂಗ್‌ಗಳನ್ನ ನೋಡಿದ್ರೆ ಮೊದಲು ಬರೋ ಡೌಟು ಇವ್ನಿಗೆ ಇಷ್ಟು ಅವಸರ ಯಾಕೆ ಅಂತ. ಗೆರೆ ನಿಲ್ಲಲ್ಲ, ಮೈ ಪೂರ್ತಿ ಆಗಲ್ಲ. ಎಕ್ಸ್‌ಪ್ರೆಷನಿಸಂ ಅಂದ್ಬಿಟ್ಟು ಮುಂದೆ ಹೋಗ್ಬಹುದು, ಕಣ್ಣಿಗೆ ಕಂಡಂಗಲ್ಲ ಒಳಗೆ ಅನ್ಸಿದಂಗೆ ಬರೆಯೋದು ಅಂತ, ಆದ್ರೆ ಅಷ್ಟಕ್ಕೇ ಬಿಟ್ರೆ ಅಸಲಿ ಕಥೆ ಮಿಸ್ ಆಗುತ್ತೆ.

ಆಗಿನ ಇಟಲೀಲಿ ಮನುಷ್ಯನ ಮೈ ಹೇಗಿರ್ಬೇಕು ಅನ್ನೋದ್ರಲ್ಲೂ ಮುಸೊಲಿನಿ ಸರ್ಕಾರಕ್ಕೆ ಒಂದು ಟೇಸ್ಟ್ ಇತ್ತು. ರೋಮ್‌ನಲ್ಲಿ 1932ರಲ್ಲಿ ಓಪನ್ ಆದ ಸ್ಟಾಡಿಯೋ ದೇಯ್ ಮಾರ್ಮಿ ಸುತ್ತ ನಿಂತಿರೋ ಅಮೃತಶಿಲೆಯ ಅಥ್ಲೀಟ್‌ಗಳನ್ನ ನೋಡಿ, ಎಲ್ರೂ ಎದೆ ಉಬ್ಬಿಸ್ಕೊಂಡು ನಿಂತಿದಾರೆ, ಒಬ್ಬನಿಗೂ ಸುಸ್ತಿಲ್ಲ ಭಯ ಇಲ್ಲ. ಹಂಗಂತ ಹಿಟ್ಲರ್ ಥರ ಮಾಡರ್ನ್ ಆರ್ಟನ್ನೇ ಒದ್ದು ಓಡಿಸ್ಲಿಲ್ಲ ಅವ್ರು. 1939ರಲ್ಲಿ ಫ್ಯಾಸಿಸ್ಟ್ ಲೀಡರ್ ಫರಿನಾಚ್ಚಿ ಕ್ರೆಮೋನಾ ಊರಲ್ಲಿ ಪ್ರಚಾರದ ಚಿತ್ರಗಳಿಗೆ ಅಂತಾನೇ ಒಂದು ಪ್ರೈಜ್ ಶುರು ಮಾಡಿದ್ರೆ, ಅದೇ ಸರ್ಕಾರದ ಮಂತ್ರಿ ಬೊತ್ತಾಯಿ ಬೆರ್ಗಾಮೋದಲ್ಲಿ ಹೊಸಬರಿಗೂ ಜಾಗ ಇರೋ ಇನ್ನೊಂದು ಪ್ರೈಜ್ ಹುಟ್ಟು ಹಾಕಿಸ್ದ. 1942ರಲ್ಲಿ ಅಲ್ಲಿ ರೆನಾತೋ ಗುತ್ತೂಸೋ ಅನ್ನೋ ಪೇಂಟರ್‌ನ 'ಶಿಲುಬೆಗೇರಿಕೆ' ಚಿತ್ರಕ್ಕೆ ಎರಡನೇ ಬಹುಮಾನ ಬಂತು, ಚರ್ಚಿನವ್ರು ಕೆಂಡಾಮಂಡಲ ಆದ್ರು. ಹಾಗಾಗಿ ಗೆರೆ ಸೊಟ್ಟಗೆ ಎಳೆದ ಅಂತ ಯಾರ್ನೂ ಜೈಲಿಗೆ ಹಾಕ್ತಿರ್ಲಿಲ್ಲ, ಸಾಸ್ಸು ಒಳಗೆ ಹೋಗಿದ್ದೂ ಚಿತ್ರಕ್ಕಲ್ಲ.

ಅವನು ಹುಟ್ಟಿದ್ದು 1912ರಲ್ಲಿ, ಮಿಲಾನ್‌ನಲ್ಲಿ. ಅಪ್ಪ ಸಾರ್ಡೀನಿಯಾದ ಸೋಷಲಿಸ್ಟ್. ಹದಿನಾರಕ್ಕೇ ಫ್ಯೂಚರಿಸ್ಟ್‌ಗಳ ಜೊತೆ, ಅಂದ್ರೆ ಮಷೀನು ಸ್ಪೀಡು ಅಂತ ಕುಣೀತಿದ್ದ ಕಲಾವಿದರ ಜೊತೆ, ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಆರ್ಟ್ ಎಕ್ಸಿಬಿಷನ್‌ಗೆ ಹೋಗಿದ್ದ ಹುಡುಗ, ಆಮೇಲೆ ಅದನ್ನ ಬಿಟ್ಟು ಪೂರ್ತಿ ಕೆಂಪು ಬಣ್ಣದ ಬೆತ್ತಲೆ ಗಂಡಸರನ್ನ ಬರೆಯೋಕೆ ಶುರು ಮಾಡ್ದ. 1937ರ ಮಾರ್ಚಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ಪರ ಮುಸೊಲಿನಿ ಕಳಿಸಿದ್ದ ಸೈನ್ಯ ಗ್ವಾದಲಹಾರದಲ್ಲಿ ಸೋತಿತು, ಸೋಲಿಸಿದವ್ರಲ್ಲಿ ಸ್ಪೇನಿನ ಗಣರಾಜ್ಯ ಸರ್ಕಾರದ ಪರ ಇದ್ದ ಇಟಲಿಯವ್ರೂ ಇದ್ರು. ಆ ಗೆಲುವನ್ನ ಕೊಂಡಾಡೋ ಕರಪತ್ರದ ಕೇಸಲ್ಲಿ ಏಪ್ರಿಲ್‌ನಲ್ಲಿ ಸಾಸ್ಸು ಅರೆಸ್ಟ್ ಆದ, ಸರ್ಕಾರದ ವಿರೋಧಿಗಳಿಗೆ ಅಂತಾನೇ ಇದ್ದ ಸ್ಪೆಷಲ್ ಟ್ರಿಬ್ಯೂನಲ್ ಹತ್ತು ವರ್ಷ ಜೈಲು ಜಡೀತು. ಪಿಯೆಮೋಂತೆಯ ಫೊಸ್ಸಾನೋ ಜೈಲಲ್ಲಿ ಕ್ಯಾನ್ವಾಸ್ ಎಲ್ಲಿಂದ ಬರ್ಬೇಕು, ಕಾಗದ ಪೆನ್ಸಿಲ್ ಸಿಕ್ಕಿದ್ದೇ ಹೆಚ್ಚು. ಜೊತೆ ಕೈದಿಗಳು, ಕುದುರೆಗಳು, ಪುರಾಣದ ಜನ, ನೂರಾರು ಡ್ರಾಯಿಂಗ್ ಅಲ್ಲೇ ಹುಟ್ಟಿದ್ದು. 1938ರಲ್ಲಿ ಕ್ಷಮಾದಾನ ಸಿಕ್ಕಿ ಹೊರಗೆ ಬಂದ, ಆದ್ರೂ ಪೊಲೀಸರ ಕಣ್ಣು ತಪ್ಪಲಿಲ್ಲ.

ಅದೇ ವರ್ಷ ಎರ್ನೆಸ್ತೋ ತ್ರೆಕ್ಕಾನಿ ಅನ್ನೋ ಚಿಕ್ಕ ಹುಡುಗ ಮಿಲಾನ್‌ನಲ್ಲಿ ಶುರು ಮಾಡಿದ ಪತ್ರಿಕೆ 'ಕೊರ್ರೆಂತೆ'. ಅದರ ಸುತ್ತ ಬಿರೋಲ್ಲಿ, ಗುತ್ತೂಸೋ, ಸಾಸ್ಸು ಥರದ ಪೇಂಟರ್‌ಗಳೆಲ್ಲಾ ಸೇರಿದ್ರು. ವ್ಯಾನ್ ಗೋ, ಬೆಲ್ಜಿಯಂನ ಪೇಂಟರ್ ಎನ್ಸರ್ ಈ ಗುಂಪಿಗೆ ಹತ್ತಿರ ಅನ್ಸಿದ್ದು ಸುಮ್ನೆ ಅಲ್ಲ, ನೋವಿರೋ ಮೈ ಹೇಗೆ ಬರೀಬೇಕು ಅಂತ ಕಲಿಯೋಕೆ ಸ್ಟೇಡಿಯಂ ಶಿಲ್ಪಗಳು ಏನ್ ಉಪಯೋಗಕ್ಕೆ ಬರ್ತವೆ ಹೇಳಿ. ಇಟಲಿ ಯುದ್ಧಕ್ಕೆ ಇಳಿದ 1940ರ ಜೂನ್ 10ಕ್ಕೇ ಸರ್ಕಾರ ಪತ್ರಿಕೆ ಮುಚ್ಚಿಸ್ತು.

ಇದೆಲ್ಲಾ ಒಟ್ಟಾಗಿ ಸ್ಫೋಟ ಆಗಿದ್ದು 1944ರಲ್ಲಿ. ಆಗಸ್ಟ್ 10ರಂದು ಮಿಲಾನ್‌ನ ಪಿಯಾಜ್ಜಾಲೆ ಲೊರೆತೊದಲ್ಲಿ ಜರ್ಮನ್ನರ ಆರ್ಡರ್ ಮೇಲೆ ಫ್ಯಾಸಿಸ್ಟರು 15 ಜನರನ್ನ ಗುಂಡಿಟ್ಟು ಕೊಂದು, ಹೆಣಗಳನ್ನ ಬಿಸಿಲಲ್ಲೇ ಬಿಟ್ರು, ಹೋಗೋ ಬರೋರು ನೋಡ್ಲಿ ಅಂತ. ಸಾಸ್ಸು ಅದನ್ನ ಆ ವರ್ಷವೇ ಪೇಂಟ್ ಮಾಡ್ದ. ಈಗ ರೋಮ್‌ನ ನ್ಯಾಷನಲ್ ಗ್ಯಾಲರೀಲಿದೆ. ರಾಶಿ ಬಿದ್ದಿರೋ ಮೈಗಳಲ್ಲಿ ಯಾವ ಕೈ ಯಾರದ್ದು ಅಂತ ಗೊತ್ತಾಗದಷ್ಟು ಒರಟು ಬ್ರಷ್. ನೀಟಾಗಿ ಬರೆದಿದ್ರೆ ಅದು ಸುಳ್ಳಾಗ್ತಿತ್ತು ಅನ್ಸುತ್ತೆ ನಂಗೆ.

ಲಿಗೂರಿಯಾ ಕರಾವಳಿಯ ಅಲ್ಬಿಸೋಲಾದಲ್ಲಿ ತುಲ್ಲಿಯೋ ಮಜ್ಜೋತ್ತಿಯ ಸೆರಾಮಿಕ್ ವರ್ಕ್‌ಶಾಪಲ್ಲಿ ಅವನು ಕೆಲಸ ಮಾಡಿದ್ದೂ ಇದೇ ಕಥೆಯ ಭಾಗವೇ. ಒದ್ದೆ ಮಣ್ಣಲ್ಲಿ ಯೋಚಿಸ್ತಾ ಕೂರೋಕೆ ಆಗಲ್ಲ, ಪೆನ್ಸಿಲ್‌ನಲ್ಲಿದ್ದ ಅವಸರಾನೇ ಅಲ್ಲಿ ಬೆರಳಿಗೆ ಬಂತು. 1964ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದ್ಮೇಲೆ ಬಣ್ಣ ಬಣ್ಣದ ಕುದುರೆ, ಬುಲ್ ಫೈಟ್, ಕೊನೆಗೆ 1993ರಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಪಾರ್ಲಿಮೆಂಟಿಗೆ 150 ಚದರ ಮೀಟರಿನ ಸೆರಾಮಿಕ್ ಮ್ಯೂರಲ್. ದೊಡ್ಡ ಕೆಲಸ, ಇಲ್ಲ ಅನ್ನಲ್ಲ, ಆದ್ರೆ ಒಂದು ಪೆನ್ಸಿಲ್ ಇಟ್ಕೊಂಡು ಫೊಸ್ಸಾನೋದಲ್ಲಿ ಮಾಡಿದ್ದರ ಮುಂದೆ ಆ ಕುದುರೆಗಳು ನಂಗೆ ಸ್ವಲ್ಪ ಸಪ್ಪೆನೇ.