ಬಿಸಿಲಿಲ್ಲದ ಕೋಣೆಗೆ ಯಾವ ಗಿಡ?

ನರ್ಸರಿಗೆ ಬರುವ ಹೆಚ್ಚಿನವರ ಬೇಡಿಕೆ ಒಂದೇ: "ಬೆಡ್‌ರೂಮಿಗೆ ಬಿಸಿಲು ಬರಲ್ಲ ಸಾರ್. ಗಾಳಿ ಶುದ್ಧ ಮಾಡೋ ಗಿಡ ಕೊಡಿ." ಬಿಸಿಲಿಲ್ಲದ ಕಡೆ ಬದುಕುವ ಗಿಡ ಕೊಡಬಲ್ಲೆ. ಗಾಳಿ ಬಗ್ಗೆ ಮಾತ್ರ ಭರವಸೆ ಕೊಡಲಾರೆ.

ಗಿಡ ಗಾಳಿ ಶುದ್ಧ ಮಾಡುತ್ತದೆ ಎಂಬ ಮಾತು ಹರಡಿದ್ದು 1989ರ ನಾಸಾ ವರದಿಯಿಂದ. ವುಲ್ವರ್ಟನ್ ಎಂಬ ವಿಜ್ಞಾನಿಯ ತಂಡ ಗಿಡಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು, ಒಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಹಾನಿಕರ ಅನಿಲ ಬಿಟ್ಟು ನೋಡಿತು. ಅನಿಲ ಕಡಿಮೆಯಾಗಿದ್ದು ನಿಜ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ, ಅಲ್ವಾ? ಬಾಗಿಲ ಸಂದಿಯಿಂದಲಾದರೂ ಗಾಳಿ ಬದಲಾಗುತ್ತಲೇ ಇರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಹಳೆಯ ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ಸಹಜವಾಗಿ ಓಡಾಡುವ ಗಾಳಿಯಷ್ಟು ಕೆಲಸ ಗಿಡ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಆಮೇಲೆ ಮಂಚ ಎಲ್ಲಿಡೋದು? ಹೊಸ ಪ್ಲೈವುಡ್ ವಾರ್ಡ್‌ರೋಬಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ. ಅದಕ್ಕೆ ಕಿಟಕಿ ತೆಗೆದಿಡಿ. ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆ ಅನ್ನುವುದೂ ಅಷ್ಟೇ. ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ಆದರೆ ಆಮ್ಲಜನಕ ತಯಾರಾಗುವುದು ಬೆಳಕಿದ್ದಾಗ.

ಹಾಗಂತ ಗಿಡ ಬೇಡ ಅನ್ನುತ್ತಿಲ್ಲ. ಅದು ಕಣ್ಣಿಗೆ ತಂಪು, ಅಷ್ಟು ಸಾಕು. ಮೊದಲು ಜಾಗ ನೋಡಿ. ಮಧ್ಯಾಹ್ನ ಲೈಟ್ ಹಾಕದೆ ಅಲ್ಲಿ ಪೇಪರ್ ಓದಲು ಆಗುತ್ತಾ? ಓದಲು ಆಗುವುದಾದರೆ ಸ್ನೇಕ್ ಪ್ಲಾಂಟ್, ಜೀಜೀ (ZZ ಪ್ಲಾಂಟ್), ಮನಿ ಪ್ಲಾಂಟ್, ಹಸಿರೆಲೆಯ ಅಗ್ಲೋನಿಮಾ ಬಾಳುತ್ತವೆ. ಕೆಂಪು ಅಗ್ಲೋನಿಮಾಕ್ಕೆ ಇನ್ನೂ ಬೆಳಕು ಬೇಕು. ಅರೆಕಾ ಪಾಮ್ ಅನ್ನು ಕತ್ತಲೆ ಮೂಲೆಗೆ ಒಯ್ಯಬೇಡಿ, ಕೆಲವೇ ತಿಂಗಳಲ್ಲಿ ಸೊರಗುತ್ತದೆ.

ಮನೆಯೊಳಗೆ ಗಿಡ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಬೆಳಕು ಕಮ್ಮಿ ಇದ್ದರೆ ಗಿಡ ನೀರು ಕುಡಿಯುವುದೂ ಕಮ್ಮಿ, ಮಣ್ಣು ಒಣಗುವುದೂ ನಿಧಾನ. ಜೀಜೀ ಗಿಡದ ಬುಡ ಕೆದಕಿ ನೋಡಿ, ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ. ನೀರೆಲ್ಲ ಅಲ್ಲೇ ಸಂಗ್ರಹ. ಅದಕ್ಕೆ ದಿನಾ ಒಂದು ಲೋಟ ಸುರಿದರೆ ಗೆಡ್ಡೆ ಮೆತ್ತಗಾಗಿ ನಾರುತ್ತದೆ. ಮೇಲೆ ಎಲೆ ಹಳದಿಯಾಗುವ ಹೊತ್ತಿಗೆ ಕೆಳಗೆ ಕೊಳೆತಾಗಿರುತ್ತದೆ. ವಾರ ಎಣಿಸಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಚುಚ್ಚಿ ನೋಡಿ. ತೇವ ತಗುಲಿದರೆ ಸುಮ್ನೆ ಬಿಟ್ಟುಬಿಡಿ. ಸ್ನೇಕ್ ಪ್ಲಾಂಟ್, ಜೀಜೀಗಳಿಗಂತೂ ಮಣ್ಣು ಪೂರ್ತಿ ಒಣಗಲಿ. ಚಂದದ ಸೆರಾಮಿಕ್ ಕುಂಡದೊಳಗೆ ಪ್ಲಾಸ್ಟಿಕ್ ಕುಂಡ ಇಟ್ಟಿದ್ದರೆ ಆಗಾಗ ಎತ್ತಿ ನೋಡಿ, ತಳದಲ್ಲಿ ನೀರು ನಿಂತಿರಬಹುದು. ಸದಾ ಒದ್ದೆಯಾದ ಮಣ್ಣಿಗೆ ಬೂಷ್ಟು ಹಿಡಿಯುತ್ತದೆ, ಸಣ್ಣ ಕಪ್ಪು ನೊಣ ಏಳುತ್ತದೆ. ಗಾಳಿ ಶುದ್ಧಿಗೆಂದು ತಂದ ಗಿಡದಿಂದ ಇದು!

ಇನ್ನೊಂದು ವಿಷಯ. ಮನಿ ಪ್ಲಾಂಟ್, ಜೀಜೀ, ಅಗ್ಲೋನಿಮಾ, ಪೀಸ್ ಲಿಲಿ ಎಲ್ಲ ನಮ್ಮ ಕೆಸುವಿನ ಕುಟುಂಬದವು. ಹಸಿ ಕೆಸು ಬಾಯಿ ತುರಿಸುವಂತೆ ಇವುಗಳ ಎಲೆಯೂ ತುರಿಸುತ್ತದೆ, ಕಾರಣ ಅದೇ ಸೂಜಿಯಂಥ ಆಕ್ಸಲೇಟ್ ಹರಳು. ಅಂಬೆಗಾಲಿಡುವ ಮಗುವೋ ನಾಯಿಮರಿಯೋ ಇದ್ದರೆ ಕುಂಡ ನೆಲದ ಮೇಲೆ ಬೇಡ, ಎತ್ತರದಲ್ಲಿಡಿ.