ಗಲಾಪಗೋಸ್: ಶಾರ್ಕ್ ಕಡಲಿನ ಹಿಂದಿದ್ದ ಸಮುದ್ರ ಸೌತೆ ಜಗಳ

ಮಳೆಗಾಲ ಮುಗಿದರೆ ಸಾಕು, ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗರು ಗೋವಾಕ್ಕೆ ಬಂದು ಗ್ರಾಂಡೆ ಐಲ್ಯಾಂಡ್ ಹತ್ತಿರ ಸ್ಕೂಬಾ ಮಾಡುತ್ತಾರೆ. ನೀರಿಂದ ಮೇಲೆ ಬಂದ ಕೂಡಲೇ ಗಲಾಪಗೋಸ್ ಮಾತು ಬಂದೇ ಬರುತ್ತದೆ. ಒಂದು ದಿನ ಶಾರ್ಕ್‌ಗಳ ವಿಡಿಯೊ, ಮರುದಿನ ಮೀನುಗಾರರ ಪ್ರತಿಭಟನೆ, ಅದರ ಮರುದಿನ ಆ ಕಡಲಿನ ಗಡಿಯಾಚೆ ಸಾಲುಗಟ್ಟಿದ ಮೀನುಗಾರಿಕೆ ಹಡಗುಗಳ ಸುದ್ದಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆಬುಡ ಗೊತ್ತಾಗುವುದಿಲ್ಲ, ಅಲ್ವಾ? ಮೊನ್ನೆ ವಾಸ್ಕೋ ಜೆಟ್ಟಿಯಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಅಂಕೋಲಾ ಕಡೆಯ ಅಜ್ಜ ಒಬ್ಬರಿಗೆ ನನ್ನ ಮೊಬೈಲ್‌ನಲ್ಲಿ ಆ ವಿಡಿಯೊ ತೋರಿಸಿದೆ. ಇಷ್ಟು ಮೋರಿ (ಶಾರ್ಕ್) ಒಟ್ಟಿಗೆ ಕಂಡಿದ್ದೇ ಇಲ್ಲ ಅಂದರು. ಆಮೇಲೆ ಕೇಳಿದರು: "ಅಲ್ಲಾ ತಮಾ, ಅಲ್ಲಿ ಮೀನು ಹಿಡಿಯೋರು ಎಂತಾ ಮಾಡ್ತಾರೆ ಹಾಗಾದ್ರೆ?"

ಗಲಾಪಗೋಸ್ ಇರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದಲ್ಲಿ. ಎಲ್ಲವೂ ಜ್ವಾಲಾಮುಖಿ ಕಟ್ಟಿದ ದ್ವೀಪಗಳು. ಭೂಮಧ್ಯರೇಖೆಯ ಮೇಲಿದ್ದರೂ ನೀರು ತಣ್ಣಗಿರುತ್ತದೆ. ಆಳದಲ್ಲಿ ಹರಿದು ಬರುವ ಕ್ರಾಮ್‌ವೆಲ್ ಪ್ರವಾಹ ಇಸಾಬೆಲಾ, ಫರ್ನಾಂಡಿನಾ ದ್ವೀಪಗಳ ಬುಡಕ್ಕೆ ಬಡಿದು ತಳದ ಸಾರವನ್ನೆಲ್ಲ ಮೇಲೆ ತರುತ್ತದೆ. ಅದಕ್ಕೇ ಅಲ್ಲಿ ಪೆಂಗ್ವಿನ್ ಇದೆ, ಕಡಲಿಗೆ ಧುಮುಕಿ ಪಾಚಿ ಮೇಯುವ ಇಗ್ವಾನಾ ಇದೆ. 1959ರಲ್ಲಿ ರಾಷ್ಟ್ರೀಯ ಉದ್ಯಾನ, 1978ರಲ್ಲಿ ವಿಶ್ವ ಪರಂಪರೆ ಪಟ್ಟಿ, 1986ರಲ್ಲಿ ಕಡಲಿಗೂ ಒಂದು ರಕ್ಷಣೆ. ಈ ಕೊನೆಯದು ಜಾಸ್ತಿ ಕಾಗದದ ಮೇಲೇ ಉಳಿಯಿತು.

ಗಲಾಟೆ ಶುರುವಾಗಿದ್ದು 1990ರ ದಶಕದಲ್ಲಿ, ಸಮುದ್ರ ಸೌತೆಯಿಂದ. ತಳದಲ್ಲಿ ಸುಮ್ನೆ ಬಿದ್ದಿರುವ, ಮೈತುಂಬ ಗುಬುಟು ಇರುವ ಪ್ರಾಣಿ ಅದು. ಬೇಯಿಸಿ, ಉಪ್ಪು ಹಾಕಿ, ಒಣಗಿಸಿದರೆ ಪೂರ್ವ ಏಷ್ಯಾದಲ್ಲಿ ಒಳ್ಳೇ ರೇಟು. ಈಕ್ವೆಡಾರ್ ಕರಾವಳಿಯಲ್ಲಿ ಅದು ಖಾಲಿಯಾದಾಗ ವ್ಯಾಪಾರ ದ್ವೀಪಗಳಿಗೆ ಬಂತು. ಹಿಡಿಯುವ ರೀತಿ ಹೀಗೆ: ದೋಣಿಯಲ್ಲಿ ಕಂಪ್ರೆಸರ್, ಅದಕ್ಕೆ ಉದ್ದನೆಯ ಪೈಪು, ಪೈಪಿನ ತುದಿ ಮುಳುಗುವವನ ಬಾಯಲ್ಲಿ. ಸಿಲಿಂಡರ್ ಖಾಲಿಯಾಗುವ ಯೋಚನೆಯಿಲ್ಲ, ಗಂಟೆಗಟ್ಟಲೆ ಕೆಳಗೇ ಇರಬಹುದು. ಹಾಗಿದ್ದು ಸರಕ್ಕನೆ ಮೇಲೆ ಬಂದರೆ ಮೈಯೊಳಗೆ ನೈಟ್ರೋಜನ್ ಗುಳ್ಳೆ ಎದ್ದು ಕೈಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು. ಶಾರ್ಕ್ ವಿಡಿಯೊ ನೋಡಿ ಖುಷಿಪಡುವ ನಾವು ಈ ಪೈಪು ಕಚ್ಚಿಕೊಂಡವರ ಬಗ್ಗೆ ಯೋಚಿಸುವುದೇ ಕಮ್ಮಿ.

1992ರಲ್ಲಿ ಸರಕಾರ ಇದನ್ನು ನಿಷೇಧಿಸಿತು. ಕದ್ದು ಹಿಡಿಯುವುದು ನಿಲ್ಲಲಿಲ್ಲ. ಯಾರೂ ವಾಸವಿಲ್ಲದ ಫರ್ನಾಂಡಿನಾದ ದಡದಲ್ಲಿ ಬಿಡಾರ ಹೂಡಿ, ಕಾಂಡ್ಲಾ (ಮ್ಯಾಂಗ್ರೋವ್) ಮರ ಕಡಿದು ಒಲೆಗೆ ಹಾಕಿ ಸೌತೆ ಬೇಯಿಸಿದರು. 1994ರ ಅಕ್ಟೋಬರ್‌ನಲ್ಲಿ ಪ್ರಯೋಗ ಅಂತ ಮೂರು ತಿಂಗಳ ಸೀಸನ್ ಕೊಟ್ಟರು, ಮಿತಿ 5,50,000 ಸೌತೆ. ಎರಡೇ ತಿಂಗಳಲ್ಲಿ ಅದರ ಹಲವು ಪಟ್ಟು ಎದ್ದುಹೋಗಿ, ಸೀಸನ್ ಅರ್ಧಕ್ಕೇ ನಿಂತಿತು. 1995ರ ಜನವರಿಯಲ್ಲಿ ಸಿಟ್ಟಾದ ಮೀನುಗಾರರು ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೇ ದಿಗ್ಬಂಧನ ಹಾಕಿದರು. ಸೌತೆಯ ಬೆಲೆ ಕಟ್ಟುತ್ತಿದ್ದವರು ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಎದುರಿಗೆ ಸಿಕ್ಕಿದ್ದು ಸಂಶೋಧಕರು ಮತ್ತು ಕೇಂದ್ರದಲ್ಲಿ ಸಾಕಿದ್ದ ಆಮೆಗಳು.

ಈ ಜಗಳವೇ 1998ರ ವಿಶೇಷ ಕಾನೂನಿಗೆ ದಾರಿಯಾಯಿತು. ದ್ವೀಪಗಳ ಸುತ್ತ 40 ನಾಟಿಕಲ್ ಮೈಲಿ ಕಡಲು ಮೀಸಲು, ದೊಡ್ಡ ಮೀನುಗಾರಿಕೆ ಹಡಗುಗಳು ಅಲ್ಲಿ ಮೀನು ಹಿಡಿಯುವಂತಿಲ್ಲ, ಹೆಸರು ನೋಂದಾಯಿಸಿದ ಸ್ಥಳೀಯರಿಗೆ ಮಾತ್ರ ಮೀನು. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಮೀನುಗಾರರು, ಟೂರಿಸಂನವರು, ಗೈಡ್‌ಗಳು, ವಿಜ್ಞಾನಿಗಳು, ಉದ್ಯಾನದ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂತು ಒಮ್ಮತದಿಂದ ತೀರ್ಮಾನ ಮಾಡುವ ಮಂಡಳಿ ಬಂತು. ಕೂಗಾಟ ಇತ್ತು, ಸೌತೆಯ ಸಂಖ್ಯೆ ಆಮೇಲೂ ಇಳಿಯಿತು. ಆದರೂ ಸಮನಾಗಿ ಕೂರಲು ಅವರಿಗೆ ಒಂದು ಜಾಗ ಇತ್ತು. ಇಲ್ಲಿ ಗೋವಾದಲ್ಲಿ ಎಲ್‌ಇಡಿ ಲೈಟ್ ಬಿಟ್ಟು ಮೀನನ್ನು ಬೆಳಕಿಗೆ ಸೆಳೆದು ಹಿಡಿಯುವ ಮೀನುಗಾರಿಕೆ 2017ರಲ್ಲೇ ನಿಷೇಧವಾಗಿದ್ದರೂ ಜೆಟ್ಟಿಯಲ್ಲಿ ಅದರ ಜಗಳ ಮುಗಿದಿಲ್ಲ. ಅದನ್ನು ಹತ್ತಿರದಿಂದ ನೋಡಿದವರಿಗೆ ಆ ಜಾಗದ ಬೆಲೆ ಗೊತ್ತು.

2015ರ ಹೊಸ ಕಾನೂನಿನಲ್ಲಿ ಮಂಡಳಿ ಬರೀ ಸಲಹೆ ಕೊಡುವ ಮಟ್ಟಕ್ಕೆ ಇಳಿಯಿತು. ಮರುವರ್ಷವೇ ಉತ್ತರ ತುದಿಯ ಡಾರ್ವಿನ್, ವುಲ್ಫ್ ದ್ವೀಪಗಳ ಸುತ್ತ ಮೀನು ಹಿಡಿಯುವುದನ್ನೇ ನಿಲ್ಲಿಸಿದರು. ಮೀನುಗಾರರು ವಿರೋಧಿಸಿದರು. ವಿಡಿಯೊಗಳು ಜಾಸ್ತಿ ಬರುವುದು ಇಲ್ಲಿಂದಲೇ. ಜನವಸತಿ ಇಲ್ಲ, ದಿನಗಟ್ಟಲೆ ಹಡಗಿನಲ್ಲೇ ಉಳಿದು ಡೈವ್ ಮಾಡಬೇಕು. ನೀರಿನ ಸೆಳೆತ ಎಷ್ಟೆಂದರೆ ಕೈಗವಸು ಹಾಕಿ ಬಂಡೆ ಹಿಡಿದು ಕಾಯಬೇಕು. ಸುತ್ತಿಗೆಯಂಥ ತಲೆಯ ಹ್ಯಾಮರ್‌ಹೆಡ್ ಶಾರ್ಕ್‌ಗಳ ಹಿಂಡು ತಲೆ ಮೇಲೆ ಹಾದುಹೋಗುತ್ತದೆ. ಜೂನ್‌ನಿಂದ ನವೆಂಬರ್ ತನಕ ಹೊಟ್ಟೆ ಉಬ್ಬಿದ ದೊಡ್ಡ ಹೆಣ್ಣು ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ. ಈ ಜಾಗವನ್ನು ಉಳಿಸಲೇಬೇಕಿತ್ತು, ನನಗೆ ಅನುಮಾನವೇ ಇಲ್ಲ. ಮೀನುಗಾರರನ್ನು ಸಮನಾಗಿ ಕೂರಿಸಿಕೊಂಡೇ ಉಳಿಸಬಹುದಿತ್ತು.

ಶಾರ್ಕ್‌ಗೆ ಗಡಿ ಗೊತ್ತಿಲ್ಲ. 2017ರಲ್ಲಿ ಮೀಸಲು ಕಡಲೊಳಗೆ ಸಿಕ್ಕಿಬಿದ್ದ ಒಂದೇ ಹಡಗಿನಲ್ಲಿ 6,000ಕ್ಕೂ ಹೆಚ್ಚು ಶಾರ್ಕ್ ಇದ್ದವು. 2022ರಲ್ಲಿ ಕೋಸ್ಟರಿಕಾದ ಗಡಿ ತನಕ ಇನ್ನೂ 60,000 ಚದರ ಕಿ.ಮೀ. ಸೇರಿಸಿದರು, ಅರ್ಧದಲ್ಲಿ ಮೀನುಗಾರಿಕೆಯೇ ಇಲ್ಲ, ಉಳಿದರ್ಧದಲ್ಲಿ ಸಾವಿರಾರು ಗಾಳದ ಉದ್ದ ಹಗ್ಗ ಬಿಡುವಂತಿಲ್ಲ.

ಅಜ್ಜನಿಗೆ ಹೇಳಿದ್ದು ಇಷ್ಟು: ಅವರು ಈಗ ಲಾಬ್‌ಸ್ಟರ್, ಟ್ಯೂನಾ ಹಿಡಿಯುತ್ತಾರೆ. ಕೆಲವರು ದೋಣಿಯಲ್ಲಿ ಟೂರಿಸ್ಟ್‌ಗಳನ್ನು ಕೂರಿಸಿಕೊಂಡು ಹೋಗುತ್ತಾರೆ. ಉದ್ದ ಹಗ್ಗದ ಗಾಳಕ್ಕೆ ಅನುಮತಿ ಕೇಳುತ್ತಲೇ ಇದ್ದಾರೆ, ಅದಕ್ಕೆ ಶಾರ್ಕ್, ಆಮೆ, ಕಡಲಸಿಂಹ ಸಿಕ್ಕಿಬೀಳುತ್ತವೆ ಅಂತ ಕೊಟ್ಟಿಲ್ಲ. "ಕೊಡೂದು ಬೇಡ," ಅಂದರು ಅಜ್ಜ. "ಆದ್ರೆ ಕರ್ದು ಕೂರ್ಸಿ ಹೇಳ್ಬೇಕು."