ಆನೆಗಳು ನನ್ನ ಸೈನ್ಯವನ್ನೇ ಯಾಕೆ ತುಳಿಯುತ್ತವೆ?

ಓದುಗರ ಪ್ರಶ್ನೆ: "ರೋಮ್: ಟೋಟಲ್ ವಾರ್ ಗೇಮ್‌ನಲ್ಲಿ ಕಾರ್ತೇಜ್ ಕಡೆಯಿಂದ ಆಡುತ್ತಿದ್ದೇನೆ. ದುಡ್ಡು ಕೂಡಿಸಿ ಆನೆ ಯೂನಿಟ್ ತಂದರೆ, ಯುದ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಅವು ಹುಚ್ಚೆದ್ದು ನನ್ನ ಕಾಲಾಳುಗಳನ್ನೇ ತುಳಿದು ಹಾಕುತ್ತವೆ. ಆನೆಗಳನ್ನು ಬಿಟ್ಟುಬಿಡಬೇಕಾ, ಇಲ್ಲಾ ನಾನು ಬಳಸುವ ರೀತಿಯೇ ತಪ್ಪಾ? ಪ್ರಾಣಿಗಳ ಪ್ಯಾಕ್ ಬೇರೆ ಕೊಳ್ಳಲು ಸಿಗುತ್ತದಂತೆ, ಅದರಿಂದ ಉಪಯೋಗವಿದೆಯಾ?"

ಆನೆಗಳನ್ನು ಬಿಡಬೇಡಿ. ತೊಂದರೆ ಇರುವುದು ಅವನ್ನು ನಿಲ್ಲಿಸುವ ಜಾಗದಲ್ಲಿ. ಹೆಚ್ಚಿನವರು ಮಾಡುವುದು ಹೀಗೆ: ಆನೆಗಳನ್ನು ಸಾಲಿನ ನಟ್ಟನಡುವೆ, ಕಾಲಾಳುಗಳ ಮುಂದೆ ನಿಲ್ಲಿಸಿ, ಶತ್ರುವಿನ ಗಟ್ಟಿಯಾದ ಈಟಿಸಾಲಿನ ಮೇಲೆ ನೇರ ನುಗ್ಗಿಸುತ್ತಾರೆ. ಮೊದಲ ಹೊಡೆತಕ್ಕೆ ಶತ್ರು ಸೈನಿಕರು ಗಾಳಿಯಲ್ಲಿ ಹಾರುತ್ತಾರೆ, ನೋಡಲು ಭರ್ಜರಿಯಾಗಿರುತ್ತದೆ. ಆಮೇಲೆ ಆನೆಗಳ ವೇಗ ನಿಂತುಹೋಗುತ್ತದೆ. ಸುತ್ತಲೂ ಈಟಿ, ಮೇಲಿಂದ ಭರ್ಜಿಗಳ ಮಳೆ. ಎರಡು ಮೂರು ಆನೆ ಬಿದ್ದ ಕೂಡಲೇ ಯೂನಿಟ್‌ನ ಧೈರ್ಯ ಒಡೆಯುತ್ತದೆ.

ಬೇರೆ ಯೂನಿಟ್‌ಗಳ ಧೈರ್ಯ ಒಡೆದರೆ ಅವು ಬಿಳಿ ಬಾವುಟ ಹಿಡಿದು ಓಡಿಹೋಗುತ್ತವೆ, ಅಷ್ಟೇ. ಆನೆಗಳಿಗೆ ಗೇಮ್ ಬೇರೆ ನಿಯಮ ಇಟ್ಟಿದೆ. ಅವು ನಿಮ್ಮ ಅಂಕೆ ತಪ್ಪುತ್ತವೆ, ನೀವು ಕೊಡುವ ಆಜ್ಞೆ ನಾಟುವುದಿಲ್ಲ, ಎದುರಿಗೆ ಸಿಕ್ಕವರು ಯಾರ ಕಡೆಯವರು ಎಂದು ನೋಡದೆ ತುಳಿಯುತ್ತವೆ. ಬೆನ್ನ ಹಿಂದೆಯೇ ನಿಮ್ಮ ಕಾಲಾಳು ಒತ್ತೊತ್ತಾಗಿ ನಿಂತಿದ್ದರೆ ಮೊದಲು ಸಿಗುವವರು ಅವರೇ. ಕುಡುಗೋಲು ಕಟ್ಟಿದ ರಥಗಳಿಗೂ ಇದೇ ಗುಣವಿದೆ. ಗೇಮ್‌ನ ಇನ್ನೊಂದು ಬಣವಾದ ಸೆಲ್ಯೂಸಿಡ್ ಸಾಮ್ರಾಜ್ಯದ ಕಡೆಯಿಂದ ಆಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಗೇಮ್ ಮಾಡಿದವರು ಇದನ್ನು ಕಲ್ಪಿಸಿಕೊಂಡು ಸೇರಿಸಿಲ್ಲ. ಕ್ರಿ.ಪೂ. 202ರ ಜಾಮಾ ಯುದ್ಧದಲ್ಲಿ, ರೋಮ್‌ನ ಶತ್ರುವಾಗಿದ್ದ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ 80ಕ್ಕೂ ಹೆಚ್ಚು ಆನೆಗಳನ್ನು ತನ್ನ ಸಾಲಿನ ಮುಂದೆ ನಿಲ್ಲಿಸಿದ್ದ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಎದುರಿದ್ದ ರೋಮ್‌ನ ಸೇನಾಪತಿ ಸ್ಕಿಪಿಯೊ ತನ್ನ ತುಕಡಿಗಳನ್ನು ಎಂದಿನಂತೆ ಚದುರಂಗದ ಮನೆಗಳ ಹಾಗೆ ನಿಲ್ಲಿಸದೆ ಒಂದರ ಹಿಂದೆ ಒಂದು ನಿಲ್ಲಿಸಿ, ನಡುವೆ ನೇರವಾದ ಓಣಿಗಳನ್ನು ಬಿಟ್ಟ. ಆ ಓಣಿಗಳಲ್ಲಿ ಹಗುರ ಭರ್ಜಿಗಾರರನ್ನು ತುಂಬಿದ. ಯುದ್ಧ ಶುರುವಾದಾಗ ಕಹಳೆ, ಕೊಂಬುಗಳ ಸದ್ದಿಗೆ ಕೆಲವು ಆನೆಗಳು ಬೆಚ್ಚಿ ಹಿಂದಕ್ಕೆ ತಿರುಗಿ ಹ್ಯಾನಿಬಲ್‌ನದೇ ಎಡಬದಿಯಲ್ಲಿದ್ದ, ಉತ್ತರ ಆಫ್ರಿಕಾದ ನ್ಯೂಮಿಡಿಯನ್ ಕುದುರೆಪಡೆಯ ಮೇಲೆ ಬಿದ್ದವು. ರೋಮ್ ಪರ ಹೋರಾಡುತ್ತಿದ್ದ ನ್ಯೂಮಿಡಿಯನ್ ರಾಜ ಮಸಿನಿಸ್ಸಾ ಅದೇ ಗಳಿಗೆಯಲ್ಲಿ ಆ ಬದಿಯನ್ನು ಒಡೆದ. ಉಳಿದ ಆನೆಗಳು ಓಣಿಗಳೊಳಗೆ ಹಾದುಹೋದವು, ಇಲ್ಲವೇ ಪಕ್ಕಕ್ಕೆ ಚೆದುರಿದವು. ಹ್ಯಾನಿಬಲ್‌ಗೆ ಆದದ್ದೇ ನಿಮಗೂ ಆಗುತ್ತಿದೆ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ನಿಮ್ಮ ಸಾಲಿನ ತುದಿಯಿಂದ ಆಚೆಗೆ, ಸ್ವಲ್ಪ ಮುಂದಕ್ಕೆ, ಶತ್ರುವಿನ ಕುದುರೆಪಡೆ ಇರುವ ಬದಿಯಲ್ಲಿ. ಆನೆಯ ಬೆನ್ನ ಹಿಂದೆ ನಿಮ್ಮವರು ಯಾರೂ ಇರಬಾರದು. ಇದೊಂದನ್ನೇ ಪಾಲಿಸಿದರೂ ನಿಮ್ಮ ನಷ್ಟದಲ್ಲಿ ದೊಡ್ಡ ಭಾಗ ತಪ್ಪುತ್ತದೆ. ಕಾಲಾಳುಗಳ ಸಾಲಿಗೂ ಆನೆಗೂ ನಡುವೆ ಕನಿಷ್ಠ ಒಂದು ಪೂರ್ಣ ಯೂನಿಟ್‌ನ ಅಗಲದಷ್ಟು ಖಾಲಿ ಜಾಗ ಬಿಡಿ.

ಕುದುರೆಗಳ ಎದುರಿಗೇ ಯಾಕೆಂದರೆ ಆನೆಯ ನಿಜವಾದ ಬೆಲೆ ಅಲ್ಲಿದೆ. ಗೇಮ್‌ನಲ್ಲಿ ಆನೆಗಳು ಸುತ್ತಲಿನ ಶತ್ರುಗಳ ಧೈರ್ಯ ಕುಗ್ಗಿಸುತ್ತವೆ, ಅವುಗಳೊಡನೆ ಹೋರಾಡುವ ಕುದುರೆಗಳ ಬಲವೂ ತಗ್ಗುತ್ತದೆ. ಇದಕ್ಕೆ ಇತಿಹಾಸದಲ್ಲಿ ಇಪ್ಸಸ್ ಯುದ್ಧಕ್ಕಿಂತ ಒಳ್ಳೆಯ ಪಾಠವಿಲ್ಲ. ಚಂದ್ರಗುಪ್ತ ಮೌರ್ಯನ ಜತೆ ಒಪ್ಪಂದ ಮಾಡಿಕೊಂಡ ಸೆಲ್ಯೂಕಸ್ (ಅಲೆಕ್ಸಾಂಡರ್‌ನ ಸೇನಾಪತಿಗಳಲ್ಲೊಬ್ಬ, ಸೆಲ್ಯೂಸಿಡ್ ಸಾಮ್ರಾಜ್ಯ ಕಟ್ಟಿದವನು) 500 ಆನೆ ಪಡೆದ ಎಂದು ಪ್ರಾಚೀನ ಲೇಖಕ ಸ್ಟ್ರಾಬೊ ಹೇಳುತ್ತಾನೆ. ಕ್ರಿ.ಪೂ. 301ರಲ್ಲಿ ಇಪ್ಸಸ್‌ಗೆ ಸೆಲ್ಯೂಕಸ್‌ನ ಕಡೆ ಬಂದಿದ್ದವು 400 ಎಂದು ಇನ್ನೊಬ್ಬ ಪ್ರಾಚೀನ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಎದುರಾಳಿಯಾದ, ಅಲೆಕ್ಸಾಂಡರ್‌ನ ಇನ್ನೊಬ್ಬ ಸೇನಾಪತಿ ಆಂಟಿಗೋನಸ್‌ನ ಮಗ ಡಿಮೆಟ್ರಿಯಸ್ ತನ್ನ ಕುದುರೆಪಡೆಯೊಂದಿಗೆ ಶತ್ರುವನ್ನು ಒಡೆದು ಬಹುದೂರ ಅಟ್ಟಿಸಿಕೊಂಡು ಹೋದ. ತಿರುಗಿ ಬರುವಷ್ಟರಲ್ಲಿ ದಾರಿಗೆ ಅಡ್ಡವಾಗಿ ಆನೆಗಳು ನಿಂತಿದ್ದವು. ಕುದುರೆಗಳು ಅವನ್ನು ದಾಟಿ ಬರಲಾಗಲಿಲ್ಲ, ಬದಿಯ ರಕ್ಷಣೆ ಕಳೆದುಕೊಂಡ ಆಂಟಿಗೋನಸ್ ಅಲ್ಲೇ ಸತ್ತ. ಆ ಹೊತ್ತಿನಲ್ಲಿ ಆನೆಗಳು ದಾರಿಗೆ ಅಡ್ಡ ನಿಂತಿದ್ದೇ ಸಾಕಾಗಿತ್ತು.

ನಿಮ್ಮ ಯುದ್ಧಕ್ಕೆ ಇದನ್ನು ಹೀಗೆ ಅಳವಡಿಸಿ. ಮೊದಲು ಪಾಜ್ ಒತ್ತಿ ಆಟ ನಿಲ್ಲಿಸಿ, ಶತ್ರುವಿನ ಭರ್ಜಿಗಾರರು, ಬಿಲ್ಲಾಳುಗಳು ಎಲ್ಲಿದ್ದಾರೆ ನೋಡಿ. ಅವರು ಇರುವ ಬದಿಗೆ ಆನೆ ಕಳಿಸಬೇಡಿ. ಕಳಿಸಲೇಬೇಕೆಂದರೆ ಮೊದಲು ನಿಮ್ಮ ಹಗುರ ಕುದುರೆಗಳಿಂದ ಅವರನ್ನು ಓಡಿಸಿ. ಆನೆಗಳನ್ನು ನಡೆಸಿಕೊಂಡೇ ಹತ್ತಿರ ತನ್ನಿ. ದೂರದಿಂದ ಓಡಿಸಿದರೆ ಮುಟ್ಟುವ ಹೊತ್ತಿಗೆ ದಣಿದಿರುತ್ತವೆ, ದಣಿದ ಯೂನಿಟ್‌ನ ಧೈರ್ಯ ಬೇಗ ಒಡೆಯುತ್ತದೆ. ಕುದುರೆಪಡೆಯ ಮೇಲೆ ಹರಿಸಿ, ಅದು ಚೆದುರಿದ ಮೇಲೆ ಬೆನ್ನಟ್ಟಬೇಡಿ. ಆಜ್ಞೆ ಬದಲಿಸಿ ಶತ್ರು ಸಾಲಿನ ಹಿಂಬದಿಗೆ ತಿರುಗಿಸಿ. ಅಷ್ಟರಲ್ಲಿ ನಿಮ್ಮ ಕಾಲಾಳು ಮುಂದಿನಿಂದ ಹಿಡಿದು ನಿಲ್ಲಿಸಿರಬೇಕು. ಹಿಂದಿನಿಂದ ಆನೆ ಬಿದ್ದರೆ ಬಹುತೇಕ ಸಾಲುಗಳು ನಿಲ್ಲುವುದಿಲ್ಲ.

ಆನೆಗಳು ಶತ್ರುಗಳ ನಡುವೆ ಸಿಕ್ಕಿ ನಿಂತರೆ ಅಲ್ಲೇ ಬಿಡಬೇಡಿ. ಹೊಡೆತದ ಬಲ ಇರುವುದು ನುಗ್ಗುವಾಗ. ಹೊರಗೆ ಎಳೆದು, ಸ್ವಲ್ಪ ದೂರ ಒಯ್ದು, ಮತ್ತೆ ನುಗ್ಗಿಸಿ. ಹೊರಗೆ ಬರುವಾಗ ಒಂದೆರಡು ಆನೆ ಹೋಗಬಹುದು, ಆದರೂ ನಿಂತಲ್ಲೇ ಸಾಯುವುದಕ್ಕಿಂತ ಅದು ಕಡಿಮೆ ನಷ್ಟ. ಬೆಂಬಲಕ್ಕೆ ಹೋಗುವ ನಿಮ್ಮ ಕಾಲಾಳುಗಳು ಸಡಿಲ ಸಾಲಿನಲ್ಲಿ ಹೋಗಲಿ. ಒತ್ತೊತ್ತಾಗಿ ನಿಂತವರ ಮೇಲೆ ಆನೆ ಹರಿದರೆ ಆಗುವ ಹಾನಿಗಿಂತ ಚೆದುರಿ ನಿಂತವರಿಗೆ ಆಗುವ ಹಾನಿ ತುಂಬಾ ಕಡಿಮೆ. ಫ್ಯಾಲಂಕ್ಸ್ (ಉದ್ದ ಈಟಿ ಹಿಡಿದು ಒತ್ತೊತ್ತಾಗಿ ನಿಂತ ಕಾಲಾಳು) ಸಾಲಿನ ಮುಂಭಾಗಕ್ಕೆ ಮಾತ್ರ ಎಂದೂ ನುಗ್ಗಿಸಬೇಡಿ.

ಇಷ್ಟಾದರೂ ಹುಚ್ಚೆದ್ದರೆ ಏನು ಮಾಡಬೇಕು? ಮೊದಲ ರೋಮ್ ಗೇಮ್‌ನಲ್ಲಿ ಆನೆ ಯೂನಿಟ್‌ಗೆ ಒಂದು ವಿಶೇಷ ಬಟನ್ ಇದೆ. ಒತ್ತಿದರೆ ಅಂಕೆ ತಪ್ಪಿದ ಆನೆಗಳನ್ನು ಅವುಗಳ ಮಾವುತರೇ ಕೊಲ್ಲುತ್ತಾರೆ. ಇದನ್ನು ಓದಿ ಸಂಕಟವಾಗುವುದು ಸಹಜ, ಆದರೆ ಇದೂ ನಡೆದದ್ದೇ. ಕ್ರಿ.ಪೂ. 207ರಲ್ಲಿ ರೋಮ್ ಮತ್ತು ಕಾರ್ತೇಜ್ ನಡುವೆ ನಡೆದ ಮೆಟಾರಸ್ ಯುದ್ಧದಲ್ಲಿ ಶತ್ರುಗಳಿಗಿಂತ ಮಾವುತರ ಕೈಯಲ್ಲೇ ಹೆಚ್ಚು ಆನೆಗಳು ಸತ್ತವು ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಮಾವುತರ ಬಳಿ ಉಳಿ, ಸುತ್ತಿಗೆ ಇರುತ್ತಿದ್ದವು. ಅಂಕೆ ತಪ್ಪಿದ ಆನೆಯ ಕಿವಿಗಳ ನಡುವೆ, ತಲೆ ಕುತ್ತಿಗೆಗೆ ಸೇರುವ ಕೀಲಿನ ಮೇಲೆ ಉಳಿಯಿಟ್ಟು ಹೊಡೆಯುತ್ತಿದ್ದರು. ಈ ಕ್ರಮ ತಂದವನು ಹ್ಯಾನಿಬಲ್‌ನ ತಮ್ಮ ಹಸ್ದ್ರುಬಲ್ ಎನ್ನುತ್ತಾನೆ ಲಿವಿ.

ಬಟನ್ ಒತ್ತುವ ಮುನ್ನ ಒಂದು ಕ್ಷಣ ದಿಕ್ಕು ನೋಡಿ. ಆನೆಗಳು ಶತ್ರುಗಳ ಕಡೆಗೆ ಅಥವಾ ಖಾಲಿ ಬಯಲಿಗೆ ಓಡುತ್ತಿದ್ದರೆ ಬಿಟ್ಟುಬಿಡಿ. ನಿಮ್ಮ ಸಾಲಿನ ಕಡೆಗೆ ತಿರುಗಿದ್ದರೆ ತಡಮಾಡದೆ ಒತ್ತಿ. ಫೋನಿನಲ್ಲಿ ಆಡುವವರು ಈ ಬಟನ್ ಎಲ್ಲಿದೆ ಎಂದು ಯುದ್ಧಕ್ಕೆ ಮೊದಲೇ ನೋಡಿಟ್ಟುಕೊಳ್ಳಿ. ಗೇಮ್ 2018ರಿಂದ ಆಂಡ್ರಾಯ್ಡ್‌ನಲ್ಲೂ ಸಿಗುತ್ತಿದೆ, ಸಣ್ಣ ಪರದೆಯಲ್ಲಿ ಹುಡುಕುವಷ್ಟರಲ್ಲಿ ಅರ್ಧ ಯೂನಿಟ್ ಹೋಗಿರುತ್ತದೆ.

ಎರಡು ಸಂದರ್ಭಗಳಲ್ಲಿ ಆನೆ ತರುವುದು ಬೇಡ. ಒಂದು ಸೇತುವೆ ಮೇಲಿನ ಯುದ್ಧ. ಅಲ್ಲಿ ಬದಿ ಎಂಬುದೇ ಇಲ್ಲ, ಹಿಂದಕ್ಕೆ ತಿರುಗಿದ ಆನೆಗೆ ನಿಮ್ಮವರ ಮೇಲೆಯೇ ದಾರಿ. ಇನ್ನೊಂದು ಎದುರಾಳಿ ರೋಮ್ ಆಗಿದ್ದು, ಅವರ ಬಳಿ ಬೆಂಕಿ ಹಂದಿಗಳಿದ್ದಾಗ. ಮೊದಲ ರೋಮ್ ಗೇಮ್‌ನ ಈ ಯೂನಿಟ್ ನೋಡಿ ಬಹಳ ಜನ ಕಟ್ಟುಕತೆ ಅಂದುಕೊಳ್ಳುತ್ತಾರೆ. ಪ್ರಾಚೀನ ಲೇಖಕರಾದ ಏಲಿಯನ್ ಮತ್ತು ಪಾಲಿಯೀನಸ್ ಇಬ್ಬರೂ ಇದನ್ನು ದಾಖಲಿಸಿದ್ದಾರೆ. ಆಂಟಿಗೋನಸ್ ಗೊನಾಟಸ್ (ಇಪ್ಸಸ್‌ನಲ್ಲಿ ಸತ್ತ ಆಂಟಿಗೋನಸ್‌ನ ಮೊಮ್ಮಗ) ಗ್ರೀಸ್‌ನ ಮೆಗಾರಾ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿನವರು ಹಂದಿಗಳಿಗೆ ರಾಳ ಬಳಿದು ಬೆಂಕಿ ಹಚ್ಚಿ ಆನೆಗಳತ್ತ ಅಟ್ಟಿದರು. ಹಂದಿಗಳ ಕಿರುಚಾಟಕ್ಕೆ ಆನೆಗಳು ಕಂಗೆಟ್ಟು ಓಡಿದವು. ಆಮೇಲೆ ಆಂಟಿಗೋನಸ್ ಆನೆಗಳ ಜತೆಯಲ್ಲೇ ಹಂದಿಗಳನ್ನು ಸಾಕಿ ಅಭ್ಯಾಸ ಮಾಡಿಸಲು ಹೇಳಿದನಂತೆ. ಗೇಮ್‌ನಲ್ಲಿ ಅಂಥ ಅಭ್ಯಾಸಕ್ಕೆ ಅವಕಾಶವಿಲ್ಲ, ಆದ್ದರಿಂದ ಹಂದಿಗಳನ್ನು ಬಿಲ್ಲಾಳುಗಳಿಂದ ದೂರದಲ್ಲೇ ಹೊಡೆಸಿ. ಬೆಂಕಿಬಾಣಗಳಿಗೂ ಆನೆಗಳು ಇದೇ ರೀತಿ ಬೆದರುತ್ತವೆ. ನೀವು ಆನೆಗಳ ಎದುರು ನಿಂತಿದ್ದರೆ ಬಿಲ್ಲಾಳುಗಳಿಗೆ ಬೆಂಕಿಬಾಣ ಹೂಡಲು ಹೇಳಿ. ಗುರಿ ಸ್ವಲ್ಪ ತಪ್ಪುತ್ತದೆ, ಹೂಡಲು ಹೊತ್ತು ಹಿಡಿಯುತ್ತದೆ, ಆದರೆ ಧೈರ್ಯ ಒಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಮುತ್ತಿಗೆಯಲ್ಲಿ ಆನೆ ಬೇರೆಯೇ ಕೆಲಸಕ್ಕೆ ಬರುತ್ತದೆ. ಮರದ ಗೋಡೆ, ಬಾಗಿಲುಗಳನ್ನು ಒಡೆಯಬಲ್ಲದು, ಹಾಗಾಗಿ ಸಣ್ಣ ಊರಿಗೆ ಹೊಡೆಗಂಬ ಕಟ್ಟುತ್ತಾ ಕಾಯುವ ಅಗತ್ಯವಿಲ್ಲ. ಬಂದ ದಿನವೇ ದಾಳಿ ಮಾಡಬಹುದು. ಕಲ್ಲಿನ ಗೋಡೆಯ ಪಟ್ಟಣಕ್ಕೆ ಇದನ್ನು ಪ್ರಯತ್ನಿಸಬೇಡಿ, ಬಾಗಿಲ ಮೇಲಿಂದ ಕುದಿಯುವ ಎಣ್ಣೆ ಬೀಳುತ್ತದೆ.

ಈ ಕೆಲಸಗಳ ವಿಂಗಡಣೆ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಆಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ಯುದ್ಧದ ಆನೆಗೆ ಏಳು ಬಗೆಯ ತರಬೇತಿ ಹೇಳುತ್ತದೆ: ಉಪಸ್ಥಾನ, ಸಂವರ್ತನ, ಸಂಯಾನ, ವಧಾವಧ, ಹಸ್ತಿಯುದ್ಧ, ನಾಗರಾಯಣ, ಸಾಂಗ್ರಾಮಿಕ. ಏಳುವುದು, ತಿರುಗುವುದು, ಸಾಲಾಗಿ ನಡೆಯುವುದರಿಂದ ಹಿಡಿದು ತುಳಿಯುವುದು, ಆನೆಯೊಡನೆ ಆನೆ ಹೋರಾಡುವುದು, ಕೋಟೆಬಾಗಿಲು ಒಡೆಯುವುದರ ತನಕ ಒಂದೊಂದಕ್ಕೂ ಬೇರೆ ಪಾಠ. ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ಗೇಮ್‌ನಲ್ಲಿ ಎಲ್ಲ ಕೆಲಸಕ್ಕೂ ಒಂದೇ ಆನೆ ಯೂನಿಟ್ ಸಾಕೆಂದು ಕಂಡರೂ, ಒಂದು ಯುದ್ಧಕ್ಕೆ ಒಂದೇ ಕೆಲಸ ಕೊಡುವುದು ಒಳ್ಳೆಯದು. ಬಾಗಿಲು ಒಡೆದ ಆನೆಯನ್ನು ಇಕ್ಕಟ್ಟಾದ ಬೀದಿಗಳೊಳಗೆ ಕಾದಾಡಲು ಕಳಿಸಬೇಡಿ, ಹಿಂದಕ್ಕೆ ಕರೆಸಿ.

ಸತ್ತ ಆನೆಗಳ ಜಾಗ ತುಂಬುವುದೂ ಸುಲಭವಲ್ಲ. ಅವನ್ನು ತಯಾರಿಸಬಲ್ಲ ಕೆಲವೇ ಪಟ್ಟಣಗಳಿಗೆ ಯೂನಿಟ್ಟನ್ನು ವಾಪಸ್ ಕರೆದೊಯ್ಯಬೇಕು, ಸಮುದ್ರ ದಾಟಿದ್ದರೆ ಹಲವು ಸರದಿ ಅದರಲ್ಲೇ ಕಳೆಯುತ್ತದೆ. ತಿಂಡಿತೀರ್ಥದ ಖರ್ಚೂ ದೊಡ್ಡದು. ಒಂದು ಸೈನ್ಯಕ್ಕೆ ಎರಡು ಆನೆ ಯೂನಿಟ್ ಸಾಕು. ನಾಲ್ಕೈದು ತಂದರೆ ಬದಿಯಲ್ಲಿ ಜಾಗ ಸಾಲದೆ ಅವು ಮತ್ತೆ ನಿಮ್ಮ ಸಾಲಿನ ಮುಂದೆಯೇ ಬಂದು ನಿಲ್ಲುತ್ತವೆ.

ಬೇರೆ ಪ್ರಾಣಿಗಳ ಬಗ್ಗೆ ಚುಟುಕಾಗಿ. ಒಂಟೆಯ ಕೆಲಸ ಕುದುರೆಯನ್ನು ಬೆದರಿಸುವುದು. ಲಿಡಿಯಾದ ಕ್ರೀಸಸ್‌ನ ಕುದುರೆಗಳ ಎದುರು ಪರ್ಷಿಯಾದ ಸೈರಸ್ ಹೊರೆ ಹೊರುವ ಒಂಟೆಗಳನ್ನೇ ಮುಂದೆ ಬಿಟ್ಟನೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ, ವಾಸನೆಗೇ ಕುದುರೆಗಳು ತಿರುಗಿದವಂತೆ. ಈಟಿಗಾರರ ಮೇಲೆ ಒಂಟೆ ಕಳಿಸುವುದು ಮಾತ್ರ ದಂಡ. ಯುದ್ಧನಾಯಿಗಳು ಅಗ್ಗ, ಮತ್ತು ನಿಮಗಿರುವ ತೊಂದರೆಗೆ ಒಳ್ಳೆಯ ಪರ್ಯಾಯ. ಆದರೆ ಮೊದಲ ಗೇಮ್‌ನಲ್ಲಿ ಅವು ರೋಮ್‌ನ ಕಡೆಗಿವೆ, ಕಾರ್ತೇಜ್‌ಗಿಲ್ಲ. ರೋಮ್ ಕಡೆಯಿಂದ ಆಡುವ ದಿನ ನೆನಪಿಡಿ: ನಾಯಿಗಳೆಲ್ಲ ಸತ್ತರೂ ಅವನ್ನು ಬಿಡುವ ಆಳುಗಳು ಉಳಿದರೆ ಮುಂದಿನ ಯುದ್ಧಕ್ಕೆ ನಾಯಿಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ನಾಯಿ ಬಿಟ್ಟ ಕೂಡಲೇ ಆಳುಗಳನ್ನು ಹಿಂದಕ್ಕೆ ಕರೆಸಿ.

ಕೊನೆಗೆ ಪ್ಯಾಕ್‌ನ ವಿಷಯ. ನೀವು ಕೇಳಿರುವುದು ಬಹುಶಃ ಬೀಸ್ಟ್ಸ್ ಆಫ್ ವಾರ್. ಅದು 2014ರಲ್ಲಿ ರೋಮ್ 2 ಗೇಮ್‌ಗೆ ಬಂದದ್ದು. ನೀವು ಆಡುತ್ತಿರುವ ಮೊದಲ ರೋಮ್‌ಗಾಗಲಿ, 2021ರಲ್ಲಿ ಬಂದ ಅದರ ರೀಮಾಸ್ಟರ್ಡ್ ಆವೃತ್ತಿಗಾಗಲಿ ಅದು ಹೊಂದುವುದಿಲ್ಲ. ರೋಮ್ 2 ಇದ್ದವರು ಕೂಡ ಕೊಳ್ಳುವ ಮುಂಚೆ ಸ್ಟೋರ್ ಪುಟದಲ್ಲಿ ಯಾವ ಯೂನಿಟ್ ಯಾವ ಬಣಕ್ಕೆ ಸಿಗುತ್ತದೆ ಎಂದು ನೋಡಬೇಕು. ತಾವು ಆಡುವ ಬಣಕ್ಕೆ ಸಿಗದ ಪ್ರಾಣಿಗೆ ದುಡ್ಡು ಕೊಟ್ಟು ಪ್ರಯೋಜನವಿಲ್ಲ. ಆ ಗೇಮ್‌ನಲ್ಲೂ ಧೈರ್ಯ ಒಡೆದ ಆನೆ ಅಂಕೆ ತಪ್ಪುತ್ತದೆ. ಹೊಸ ಪ್ಯಾಕ್ ತಂದರೂ ಅದನ್ನು ಬದಿಯಲ್ಲಿ ನಿಲ್ಲಿಸಬೇಕಾದದ್ದು ನೀವೇ. ಸದ್ಯಕ್ಕೆ ಎರಡು ಆನೆ ಯೂನಿಟ್‌ಗಳನ್ನು ಬಲತುದಿಗೆ ಸರಿಸಿ, ಕಸ್ಟಮ್ ಬ್ಯಾಟಲ್ ಎಂಬ ಬಿಡಿ ಯುದ್ಧದಲ್ಲಿ ರೋಮ್‌ನ ಕುದುರೆಪಡೆಯ ಎದುರು ಒಮ್ಮೆ ಆಡಿ ನೋಡಿ. ಅಲ್ಲಿ ಸೋತರೆ ಕ್ಯಾಂಪೇನ್‌ನ ದುಡ್ಡಾಗಲಿ ಆನೆಯಾಗಲಿ ಹೋಗುವುದಿಲ್ಲ.